ನನ್ನ ಮನೆಗಳಿಗೆ ಜನ ಮಾಡಿಕೊಟ್ಟಾಕೆ

ಹರಪನಹಳ್ಳಿಯಿಂದ ಕೊಟ್ಟೂರಿನ ತನಕ ಈಚಿನ ವರ್ಷಗಳಲ್ಲಿ ಎದ್ದ ಎಷ್ಟೋ ಮನೆಗಳು ಮೊದಲು ನನ್ನ ಕಂಪ್ಯೂಟರಿನಲ್ಲಿ ಎದ್ದಂಥವು. ಗೋಡೆ ನನ್ನದು, ಮೆಟ್ಟಿಲು ನನ್ನದು, ಮಾಳಿಗೆಯ ಅಂಚಿಗೆ ಕೊಟ್ಟ ಬಣ್ಣದ ಪಟ್ಟಿಯೂ ನನ್ನದು. ಆದರೆ ಮನೆ ಕಟ್ಟಿಸುವವರು ಬಂದು ಪರದೆಯ ಮುಂದೆ ಕುಳಿತು ಬೆರಳು ತೋರಿಸುತ್ತಿದ್ದದ್ದು ಆ ಮನೆಯ ಮುಂದೆ ನಿಂತ ಜನರ ಕಡೆಗೆ. ಆ ಜನ ನನ್ನವರಲ್ಲ. ಅವರನ್ನು ಮಾಡಿದಾಕೆ ನನಗಿಂತ ಹದಿನೈದು ವರ್ಷ ಚಿಕ್ಕವಳು, ಐಟಿಐ ಮುಗಿಸಿ ಬಂದವಳು, ಕಚೇರಿಯ ಬಾಗಿಲ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದವಳು. ಆಕೆಯ ಬಗ್ಗೆ ಬರೆಯಬೇಕೆಂದು ಕೂತರೆ ಈಗಲೂ ಮೊದಲು ಏಳುವುದು ಹೊಟ್ಟೆಕಿಚ್ಚೇ. ಅದನ್ನು ಮುಚ್ಚಿಟ್ಟು ಬರೆದರೆ ಆಕೆಯ ಚಿತ್ರ ಅರ್ಧವೂ ಮೂಡುವುದಿಲ್ಲ. ನಾಲ್ಕು ವರ್ಷ ನಾನು ಆಕೆಯನ್ನು ನೋಡಿದ್ದೇ ಆ ಕಣ್ಣಿನಿಂದ.

ನಮ್ಮ ಕಚೇರಿ ಇರುವುದು ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಯಜಮಾನರು ಎಂಜಿನಿಯರು, ನಾವೆಲ್ಲ ಸಾಹೇಬರು ಎನ್ನುತ್ತೇವೆ. ಅವರು ಸೈಟು ನೋಡಿ ಅಳತೆ ತರುತ್ತಾರೆ. ಒಳಗೆ ಯಾವ ಕೋಣೆ ಎಲ್ಲಿ ಎಂದು ಜೋಡಿಸಿ, ಅದನ್ನು ತಿರುಗಿಸಿ ಒಳಹೊಕ್ಕು ನೋಡುವಂಥ ತ್ರೀಡಿ ಮನೆಯಾಗಿ ಎಬ್ಬಿಸುವುದು ನನ್ನ ಕೆಲಸ. ಅಂಥ ಮನೆಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ಬಾಗಿಲು ಎಷ್ಟು ಎತ್ತರ, ಪಡಸಾಲೆ ಎಷ್ಟು ಅಗಲ ಎಂಬ ಅಂದಾಜು ನೋಡುವವರಿಗೆ ಸಿಗುವುದಿಲ್ಲ. ನಾನು ಆ ಜನರನ್ನು ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಳ್ಳುತ್ತಿದ್ದೆ. ಕೋಟು ತೊಟ್ಟ ಬಿಳಿಯ ಹೆಂಗಸು, ಕೈಯಲ್ಲಿ ನಾಯಿಯ ಹಗ್ಗ. ಟೈ ಕಟ್ಟಿದ ಗಂಡಸು, ಕೈಯಲ್ಲಿ ಕಾಗದದ ಲೋಟ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ತಮ್ಮ ಮನೆಯ ಚಿತ್ರ ನೋಡಿ ಗಾಬರಿಯಾಗಿ, “ಈಕಿ ಯಾರ್ರಿ? ನಮ್ಮ ಮನಿಯಾಗ ನಾಯಿ ಒಳಗ ಬಿಡಂಗಿಲ್ರಿ” ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ.

ಆ ಹೆಂಗಸಿನ ತಾಪತ್ರಯ ಇನ್ನೊಂದಿತ್ತು. ಕಂಪ್ಯೂಟರಿನಲ್ಲಿ ಯಾವ ಆಕಾರವಾದರೂ ಸಣ್ಣ ಸಣ್ಣ ತ್ರಿಕೋನಗಳನ್ನು ಒಂದಕ್ಕೊಂದು ಹೊಲಿದು ಮಾಡಿದ್ದೇ. ತ್ರಿಕೋನ ಹೆಚ್ಚಿದಷ್ಟೂ ನಯ, ಹೆಚ್ಚಿದಷ್ಟೂ ಭಾರ. ಕಣ್ಣರೆಪ್ಪೆ, ಉಗುರು, ಕೋಟಿನ ಗುಂಡಿ ಎಲ್ಲ ಇದ್ದ ಆ ಹೆಂಗಸೊಬ್ಬಳೇ ನನ್ನ ಇಡೀ ಮನೆಗಿಂತ ಭಾರವಾಗಿದ್ದಳು. ಅವಳನ್ನು ನಿಲ್ಲಿಸಿದ ಕೂಡಲೇ ಕಂಪ್ಯೂಟರು ಹೂಂಕರಿಸಿ ನಿಂತುಬಿಡುತ್ತಿತ್ತು. ಗಿರಾಕಿಗಳು ಎರಡೆರಡು ಸಲ ಚಹಾ ಕುಡಿದು, ನಾಳೆ ಬರ್ತೀವಿ ಎಂದು ಎದ್ದುಹೋಗುತ್ತಿದ್ದರು.

ಆಕೆ ಸೇರಿ ಒಂದು ತಿಂಗಳಾಗಿತ್ತು. ಹಾಗೆ ಕಂಪ್ಯೂಟರು ಕೈಕೊಟ್ಟ ಒಂದು ದಿನ ಹಿಂದಿನಿಂದ ಬಂದು ನಿಂತು, “ಸರ್, ಆಕಿಗೆ ಮೂಗು ಯಾಕ್ರಿ?” ಎಂದಳು.

“ಮೂಗಿಲ್ಲದ ಮನುಷ್ಯರು ಇರ್ತಾರೇನವ್ವಾ?”

“ಬೀದಿಯಿಂದ ನೋಡಿದ್ರ ಯಾರ ಮೂಗು ಕಾಣ್ತೈತ್ರಿ? ತಗದುಬಿಡ್ರಿ.”

ನನಗೆ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುವುದೇ? “ಹಂಗಾದ್ರ ನೀನಾ ಮಾಡು” ಎಂದು ಬಿಟ್ಟೆ. ನಾಲ್ಕು ವರ್ಷದ ನನ್ನ ಸಂಕಟಕ್ಕೆ ಅಪ್ಪಣೆ ಕೊಟ್ಟವನು ಹೀಗೆ ನಾನೇ.

ಮಾರನೆಯ ದಿನ ಸಂಜೆಗೆ ನನ್ನ ಪರದೆಯ ಮೇಲೆ ಒಬ್ಬ ಅಜ್ಜ ಬಂದು ನಿಂತಿದ್ದ. ನೂರು ತ್ರಿಕೋನವೂ ಇರಲಿಲ್ಲ. ಮುಖವಿಲ್ಲ, ಬೆರಳಿಲ್ಲ, ಪಾದದ ಜಾಗದಲ್ಲಿ ಎರಡು ತುಂಡು. ಆದರೆ ಅವನು ಸೊಂಟದ ಹಿಂದೆ ಕೈಕಟ್ಟಿ ಮೇಲೆ ನೋಡುತ್ತ ನಿಂತಿದ್ದ ರೀತಿಯಲ್ಲಿ, ಈ ಸ್ಲ್ಯಾಬು ಸೋರುತ್ತದೋ ಇಲ್ಲವೋ ಎಂಬ ಅವನ ಅನುಮಾನ ಕೂಡ ಕಾಣಿಸುತ್ತಿತ್ತು. ಸಾಹೇಬರು ನೋಡಿದವರೇ “ಅಯ್ಯೋ, ನಮ್ಮ ಮಾವ!” ಎಂದರು. ಕಂಪ್ಯೂಟರು ಗಾಳಿಯಂತೆ ಓಡಿತು. ನಾನು ಚೆನ್ನಾಗಿದೆ ಎನ್ನಲಿಲ್ಲ. “ಎತ್ತರ ಎರಡು ಇಂಚು ಕಡಿಮಿ ಆತು” ಎಂದೆ.

“ಮುದುಕ್ರು ಕುಗ್ಗಿರ್ತಾರಲ್ರಿ” ಎಂದಳು.

ಆಕೆ ಕೆಲಸ ಮಾಡುತ್ತಿದ್ದ ಬಗೆಯೇ ಬೇರೆ. ನಾವೆಲ್ಲ ಸೇರಿಸುತ್ತ ಹೋಗುತ್ತೇವೆ, ಆಕೆ ತೆಗೆಯುತ್ತ ಹೋಗುತ್ತಿದ್ದಳು. ಒಂದು ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟು, ಎಡಗೈಯಲ್ಲಿ ಶೇಂಗಾ ಸುಲಿಯುತ್ತ ಕೂರುತ್ತಿದ್ದಳು. ಮೊದಲು ಇಡೀ ಮನುಷ್ಯನನ್ನು ಮಾಡಿ, ಆಮೇಲೆ ಒಂದೊಂದೇ ತ್ರಿಕೋನ ಕಿತ್ತುಹಾಕುವಳು. ಒಂದು ಹಂತದಲ್ಲಿ ಅಲ್ಲಿ ಬರಿಯ ಮರದ ತುಂಡು ಉಳಿಯುತ್ತಿತ್ತು. “ಹ್ಞಾ, ಹ್ವಾದ” ಎನ್ನುವಳು. ಕೊನೆಗೆ ಕಿತ್ತ ಒಂದನ್ನು ಮಾತ್ರ ವಾಪಸು ಹಾಕುವಳು. ಮನುಷ್ಯ ಮರಳಿ ಬಂದು ನಿಲ್ಲುತ್ತಿದ್ದ. ಆ ಒಂದು ಯಾವುದು ಎಂದು ಆಕೆಗೆ ಹೇಗೆ ತಿಳಿಯುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆಯ ಬೆನ್ನ ಹಿಂದೆ ನಿಂತು, ನೀರು ಕುಡಿಯುವ ನೆಪದಲ್ಲಿ, ಎಷ್ಟೋ ಸಲ ನೋಡಿದ್ದೇನೆ. ಕೈ ಓಡುವುದು ಕಾಣುತ್ತಿತ್ತು, ಗುಟ್ಟು ಕಾಣುತ್ತಿರಲಿಲ್ಲ.

ಸಿಕ್ಕಿಕೊಂಡಾಗ ಎದ್ದು ನಿಂತು ತಾನೇ ಆ ಮನುಷ್ಯನಾಗುತ್ತಿದ್ದಳು. ಕೊಡ ಹೊತ್ತಾಕೆಯಾಗಿ ಬಾಗಿಲ ತನಕ ನಡೆದು, ಬೀಡಿ ಹಚ್ಚುವ ಗೌಂಡಿಯಾಗಿ ಗೋಡೆಗೆ ಒರಗಿ, ಮಗು ಎತ್ತಿಕೊಂಡ ಬಾಣಂತಿಯಾಗಿ ಸೊಂಟ ವಾರೆ ಮಾಡಿ ನಿಂತು, ತಕ್ಷಣ ಬಂದು ಕೂತು ಮಾಡಿಬಿಡುವಳು. ಎದುರಿನ ಹೊಲಿಗೆ ಅಂಗಡಿಯ ಹೆಂಗಸರು ಕಿಟಕಿಯಿಂದ ನೋಡಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಆಕೆಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ತಂಬ್ರಹಳ್ಳಿಯ ಆಚೆಯ ಊರಿನಾಕೆ, ಕುರಿ ಸಾಕುವ ಮನೆತನ. ಈ ವಿದ್ಯೆ ಎಲ್ಲಿ ಕಲಿತೆ ಎಂದು ಒಂದು ಸಲ, ತೀರಾ ತಡೆಯಲಾರದೆ, ಕೇಳಿದೆ. “ಕಲ್ತಿದ್ದೇನಿಲ್ರಿ. ಸಣ್ಣಾಕಿ ಇದ್ದಾಗ ಅಪ್ಪನ ಜೋಡಿ ಕುರಿ ಕಾಯಾಕ ಹೋಗ್ತಿದ್ದೆ. ದಿಬ್ಬದ ಮ್ಯಾಲೆ ಕುಂತಿರ್ತಿದ್ವಿ. ದೂರದಾಗ ಯಾರೋ ಬರೋದು ಕಡ್ಡಿಯಷ್ಟು ಕಾಣ್ತಿತ್ತು. ಅವ್ವ ಬುತ್ತಿ ತಂದ್ರ ಕುಂತಾ ಇರಬೇಕು. ಹೊಲದ ಮಾಲಕ ಬಂದ್ರ ಕುರಿ ಹೊಡಕೊಂಡು ಓಡಬೇಕು. ಮುಖ ಕಾಣೋತನ ಕಾದ್ರ ಬೆನ್ನಿಗೆ ಏಟು ಬೀಳ್ತಿದ್ವಲ್ರಿ” ಎಂದು ನಕ್ಕಳು. ನಾನು ಡಿಪ್ಲೊಮಾ ಮಾಡಿದವನು, ದಾವಣಗೆರೆಯಲ್ಲಿ ಆರು ತಿಂಗಳ ಕೋರ್ಸಿಗೆ ಹೋದವನು. ಏಟು ತಪ್ಪಿಸಿಕೊಳ್ಳಲು ಕಲಿತ ವಿದ್ಯೆಯ ಮುಂದೆ ನನ್ನ ಸರ್ಟಿಫಿಕೇಟುಗಳು ಸಪ್ಪೆಯಾದದ್ದನ್ನು ಹೇಗೆ ಸಹಿಸಲಿ?

ಒಮ್ಮೆ ಕೂಡ್ಲಿಗಿ ಕಡೆಯ ರೈತರೊಬ್ಬರ ಮನೆಯ ತ್ರೀಡಿ ತೋರಿಸುತ್ತಿದ್ದೆ. ಮಾಳಿಗೆಗೆ ನಾನು ಬಹಳ ಮುತುವರ್ಜಿಯಿಂದ ಜಾಲಂದರದ ಕಟಕಟೆ ಮಾಡಿದ್ದೆ. ಅದರ ಹಿಂದೆ ಆಕೆ ಮಾಡಿದ ಒಬ್ಬ ಗಂಡಸು ಹೆಗಲಿಗೆ ಕಂಬಳಿ ಹಾಕಿಕೊಂಡು, ಒಂದು ಕಾಲು ಮುಂದಿಟ್ಟು ನಿಂತಿದ್ದ. ರೈತರ ಮುಖ ಕೆಂಪಾಯಿತು. “ಅವನ್ನ ಯಾಕ ನಮ್ಮ ಮಾಳಿಗಿ ಹತ್ತಿಸೀರಿ?”

“ಯಾರನ್ನ್ರಿ?”

“ನಮ್ಮ ಷಡ್ಡಕನ್ನ! ನಮ್ಮ ಮನಿ ಹೊಸ್ತಿಲ ತುಳೀಬ್ಯಾಡ ಅಂತ ಹೇಳಿ ಮೂರು ವರ್ಷ ಆತು. ಇಳಸ್ರಿ ಮೊದಲು ಅವನ್ನ!”

ಹೆಂಡತಿಯ ತಂಗಿಯ ಗಂಡನನ್ನು ಅವರು ಮುಖವಿಲ್ಲದ ಎಂಬತ್ತು ತ್ರಿಕೋನಗಳಲ್ಲಿ ಗುರುತು ಹಿಡಿದಿದ್ದರು. ಆಕೆ ಆ ಷಡ್ಡಕನನ್ನು ಕಂಡವಳೇ ಅಲ್ಲ. ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಆಕೆ ಬಂದು ಮುಂದಿಟ್ಟ ಕಾಲನ್ನು ಹಿಂದಕ್ಕೆ ಎಳೆದಳು. “ಹ್ಞಾ, ಈಗ ಬ್ಯಾರೆ ಯಾರೋ ಅದಾನ” ಎಂದು ರೈತರು ಸಮಾಧಾನಗೊಂಡರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಇಪ್ಪತ್ತು ವರ್ಷದಲ್ಲಿ ನನ್ನ ಕಟಕಟೆಯ ಜೊತೆ ಯಾರೂ ಜಗಳವಾಡಿರಲಿಲ್ಲ.

ಇನ್ನೊಂದು ಸಲ ಏಟು ನೇರ ನನಗೇ ಬಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಮನೆಗೆ ಅಡುಗೆಮನೆ ಮಾಡಿದ್ದೆ. ಉದ್ದದ ಗ್ರಾನೈಟ್ ಕಟ್ಟೆ, ಮೇಲೆ ಕಪಾಟು, ಚಂದವಾಗಿತ್ತು. ಆಕೆ ಕೇಳದೆಯೇ ಅಲ್ಲಿ ಒಬ್ಬ ಹೆಂಗಸನ್ನು ನೆಲದ ಮೇಲೆ ಕೂರಿಸಿ, ಮುಂದೆ ಒಲೆಯಿಟ್ಟು, ರೊಟ್ಟಿ ಬಡಿಯಲು ಹಚ್ಚಿದಳು. ಆ ಹೆಂಗಸಿನ ಬೆನ್ನು ಹಿತ್ತಲ ಬಾಗಿಲಿಗೆ ಹೋಗಿ ತಾಗಿತು. ಮನೆಯೊಡತಿ ನೋಡಿದವರೇ, “ಅಯ್ಯ, ಬಾಗ್ಲಾ ತಗದ್ರ ನನ್ನ ಬೆನ್ನಿಗೆ ಬಡಿತೈತಲ್ಲ! ನಿಂತ್ಕೊಂಡು ರೊಟ್ಟಿ ಬಡಿಯಾಕ ನನಗಾಗಂಗಿಲ್ಲಪ್ಪ” ಎಂದರು. ಇಡೀ ಹಿಂಭಾಗ ಹೊಸದಾಗಿ ಮಾಡಬೇಕಾಯಿತು. ನಾನು ಎಬ್ಬಿಸಿದ ಅಷ್ಟೂ ಅಡುಗೆಮನೆಗಳಲ್ಲಿ ಹೆಂಗಸರು ಹೀಗೇ ಬೆನ್ನಿಗೆ ಬಾಗಿಲು ಬಡಿಸಿಕೊಳ್ಳುತ್ತಿದ್ದಾರೆಯೇ ಎಂದು ಆವತ್ತು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಆಕೆ ಮಾಡಿದ್ದು ಸರಿ ಎಂದು ಗೊತ್ತಿದ್ದೂ ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆ ಎಂದು ಆಕೆಗೆ ತಿಳಿದಂತೆಯೇ ಕಾಣಲಿಲ್ಲ. ಅದು ಇನ್ನೂ ಹೊಟ್ಟೆ ಉರಿಸಿತು.

ಒಂದು ಭಾನುವಾರ ಯಾರಿಗೂ ಹೇಳದೆ ಬಾಗಳಿಗೆ ಹೋಗಿದ್ದೆ. ಕಲ್ಲೇಶ್ವರನ ಗುಡಿಯಲ್ಲಿ ಅಷ್ಟೊಂದು ಕೆತ್ತನೆಯಿದೆ, ಮನುಷ್ಯರನ್ನು ಮಾಡುವುದನ್ನು ದೊಡ್ಡವರಿಂದಲೇ ಕಲಿಯೋಣ ಎಂದು. ಹೊರಗೋಡೆಯ ಕೆಲವು ಮೂರ್ತಿಗಳ ಮೂಗು, ತುಟಿ ಸವೆದು ಮುಖ ಚಪ್ಪಟೆಯಾಗಿತ್ತು. ಆದರೂ ಅವಳು ಕಾಯುತ್ತಿದ್ದಾಳೆ, ಅವನು ಹೊರಟಿದ್ದಾನೆ ಎಂದು ಭುಜದಲ್ಲೇ ಕಾಣುತ್ತಿತ್ತು. ಸಾವಿರ ವರ್ಷದ ಕಲ್ಲುಗಳೂ ಆಕೆಯ ಪರವಾಗಿಯೇ ಸಾಕ್ಷಿ ನುಡಿದವು. ಪೂಜಾರಿ ಕೊಟ್ಟ ತೀರ್ಥ ತೆಗೆದುಕೊಂಡು ವಾಪಸು ಬಂದೆ.

ನನಗೆ ಬೇಕಾಗಿದ್ದದ್ದು ಬಹಳವೇನಿಲ್ಲ. ಒಬ್ಬರಾದರೂ ನನ್ನ ಕೆಲಸದ ಮೇಲೆ ಬೆರಳಿಟ್ಟು, ಇದು ನಿಮ್ಮ ಕೈಯದೇನ್ರಿ ಎಂದು ಕೇಳಬೇಕು. ಒಂದು ಮಧ್ಯಾಹ್ನ ಅದೂ ಒದಗಿಬಂತು.

ಬೆಂಗಳೂರಿನ ದೊಡ್ಡ ಆರ್ಕಿಟೆಕ್ಟ್ ಕಚೇರಿಯೊಂದರಿಂದ ನನ್ನ ಮೊಬೈಲಿಗೆ ಫೋನು. ನಮ್ಮ ಸಾಹೇಬರು ಯಾರಿಗೋ ಕಳಿಸಿದ್ದ ಸಮುದಾಯ ಭವನದ ವಿಡಿಯೊ ಅವರ ಕಣ್ಣಿಗೆ ಬಿದ್ದಿತ್ತು. ಅವರು ಬಸ್ ನಿಲ್ದಾಣವೊಂದರ ಮಾದರಿ ಮಾಡುತ್ತಿದ್ದರು. ಅದರೊಳಗೆ ನೂರಾರು ಜನ ಓಡಾಡಬೇಕು, ಆದರೆ ಹಗುರವಾಗಿರಬೇಕು, ನೋಡಿದರೆ ನಮ್ಮ ಕಡೆಯವರೇ ಅನ್ನಿಸಬೇಕು. ಆಚೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, “ಆ ಜನರನ್ನು ಮಾಡಿದವರು ನೀವೇ ಅಲ್ವಾ ಸರ್?” ಎಂದಳು.

ನಿಜವಾಗಿ ಮಾಡಿದಾಕೆ ನನ್ನಿಂದ ಹತ್ತು ಅಡಿ ದೂರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಎದ್ದು ಹೊರಗೆ ಮೆಟ್ಟಿಲ ಹತ್ತಿರ ಹೋದೆ. “ಹೌದು, ನಾನೇ” ಎಂದೆ.

ಅವರು ನಾಳೆ ಸಂಜೆಯೊಳಗೆ ಒಂದು ಮಾದರಿ ಕಳಿಸಿ ಎಂದರು. ಬಸ್ಸಿಗೆ ಕಾಯುವ ಒಬ್ಬ ಹೆಂಗಸು, ಅಷ್ಟೇ. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ತಾಸು ಹೆಂಗಸರನ್ನು ನೋಡುತ್ತ ನಿಂತೆ. ಕಂಟ್ರೋಲರ್ ಕೋಣೆಯಿಂದ ಒಬ್ಬರು ಬಂದು ಯಾವ ಊರು ಬೇಕ್ರಿ ಎಂದು ಗದರಿಸಿದ ಮೇಲೆ ಓಡಿಬಂದೆ. ಕೂತು ಮಾಡಿದೆ. ಆಕೆಯ ಹಾಗೆಯೇ ತ್ರಿಕೋನಗಳನ್ನು ಕಿತ್ತೆ. ಕೀಳುತ್ತ ಹೋದಂತೆ ಹೆಂಗಸು ಹೋದಳು. ಒಂದನ್ನು ವಾಪಸು ಹಾಕಿದೆ, ಬರಲಿಲ್ಲ. ಇನ್ನೊಂದು ಹಾಕಿದೆ, ಬರಲಿಲ್ಲ. ಸಾಹೇಬರು ಹಾದುಹೋಗುವಾಗ ಬಗ್ಗಿ ನೋಡಿ, “ನೀರಿನ ಡ್ರಮ್ ಯಾವ ಮನಿಗಿ ಇಡ್ತಿ?” ಎಂದು ಕೇಳಿದರು.

ಮಾರನೆಯ ದಿನ ಬೆಳಿಗ್ಗೆ ಆಕೆಯ ಮೇಜಿನ ಹತ್ತಿರ ಹೋದೆ. “ಸಾಹೇಬ್ರದು ಯಾವುದೋ ಕೆಲಸ ಐತಂತ. ಬಸ್ ಕಾಯೋ ಹೆಣ್ಮಗಳು ಒಬ್ಬಾಕಿ ಬೇಕವ್ವಾ” ಎಂದೆ. ದನಿ ನನ್ನದಲ್ಲದಂತೆ ಕೇಳಿಸಿತು.

ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. “ಯಾವ ಬಸ್ಸು ಸರ್?”

“ಯಾವ್ದಾದ್ರ ಏನು?”

“ಹಂಗಲ್ರಿ. ಬಂದಾ ಬರೋ ಬಸ್ಸೋ, ಬಂದ್ರ ಬಂತು ಅನ್ನೋ ಬಸ್ಸೋ? ನಿಂದ್ರೋದು ಬ್ಯಾರೆ ಬ್ಯಾರೆ ಇರ್ತೈತಿ.”

ಎರಡನೆಯದು ಎಂದೆ. ಮಧ್ಯಾಹ್ನದ ಊಟದೊಳಗೆ ಆ ಹೆಂಗಸು ತಯಾರು. ಚೀಲವನ್ನು ಎರಡು ಪಾದಗಳ ನಡುವೆ ಇಟ್ಟು, ಒಂದೇ ಕಾಲಿನ ಮೇಲೆ ಭಾರ ಹಾಕಿ, ಕುತ್ತಿಗೆಯನ್ನು ರಸ್ತೆಯ ತಿರುವಿನ ಕಡೆ ಸ್ವಲ್ಪ ಚಾಚಿ ನಿಂತಿದ್ದಳು. ನೋಡಿ ನನ್ನ ಕಣ್ಣು ಮಂಜಾಯಿತು. ಆ ಗಳಿಗೆಯಲ್ಲಿ ನಾನು ಆಕೆಗೆ ಕೈಮುಗಿಯಬೇಕಿತ್ತು. ಫೈಲಿಗೆ ನನ್ನ ಹೆಸರು ಬರೆದು ಬೆಂಗಳೂರಿಗೆ ಕಳಿಸಿದೆ.

ಅವರು ಹಿಗ್ಗಿಹೋದರು. ಇನ್ನೂ ಬೇಕು ಎಂದರು. ವಾರಕ್ಕೊಂದು ಸುಳ್ಳು ಹೇಳಿ ಆಕೆಯಿಂದ ಮಾಡಿಸಿದೆ: ಹಡಗಲಿಯ ಶಾಲೆಗೆ, ಕೊಟ್ಟೂರಿನ ಕಲ್ಯಾಣ ಮಂಟಪಕ್ಕೆ ಎಂದು ಇಲ್ಲದ ಕಟ್ಟಡಗಳ ಹೆಸರು ಹೇಳಿದೆ. ಮೂಟೆ ಹೊತ್ತವನು, ಟಿಕೆಟ್ಟಿಗೆ ಚಿಲ್ಲರೆ ಎಣಿಸುವವಳು, ಮೂಟೆಯ ಮೇಲೆ ಕೂತು ತೂಕಡಿಸುವವನು. ಆಕೆ ಒಂದು ದಿನವೂ ಆ ಶಾಲೆ ಎಲ್ಲಿ ಸರ್ ಎಂದು ಕೇಳಲಿಲ್ಲ. ದುಡ್ಡು ಸಾಹೇಬರ ಕಚೇರಿಗೆ ಬಂತು. ಕೆಲಸ ಬಂದರೆ ಸಾಕು, ಯಾರ ಕೈಯದು ಎಂದು ಕೇಳುವವರಲ್ಲ ಅವರು. ಹೆಸರು ನನಗೆ ಬಂತು. “ನಿಮ್ಮ ಕೈಯಲ್ಲಿ ಏನೋ ಇದೆ ಸರ್” ಎಂದು ಬೆಂಗಳೂರಿನವರು ಬರೆದ ಪತ್ರವನ್ನು ಎಷ್ಟು ಸಲ ಓದಿದೆನೋ. ಓದಿದಾಗಲೆಲ್ಲ ನನ್ನ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ಅವರು, ನಮ್ಮ ಹುಡುಗರ ಎದುರು ವಿಡಿಯೊ ಕಾಲಿನಲ್ಲಿ ಒಂದು ಮಾಡಿ ತೋರಿಸಿ ಎಂದರು. ಕರೆಂಟು ಹೋಯಿತು ಎಂದೆ. ಎರಡನೆಯ ಸಲ ಜ್ವರ ಎಂದೆ. ಮೂರನೆಯ ಸುಳ್ಳು ಹುಡುಕುತ್ತಿದ್ದಾಗಲೇ ಆಕೆ ಕಚೇರಿಗೆ ಪೇಡೆ ತಂದಳು. ಗ್ರಾಮ ಆಡಳಿತ ಅಧಿಕಾರಿಯ ಪರೀಕ್ಷೆ ಪಾಸಾಗಿತ್ತು, ಹಡಗಲಿ ತಾಲ್ಲೂಕಿನ ಒಂದು ಹಳ್ಳಿಗೆ ಆರ್ಡರು ಬಂದಿತ್ತು. ಇಷ್ಟು ದಿನ ಕೆಲಸದ ನಡುವೆ ಓದುತ್ತಿದ್ದಳೆಂದು ಗೊತ್ತಿತ್ತು, ಪಾಸಾಗುತ್ತಾಳೆಂದು ಎಣಿಸಿರಲಿಲ್ಲ. ಹೊರಡುವ ದಿನ ಒಂದು ಪೆನ್‌ಡ್ರೈವ್ ಕೊಟ್ಟು, “ನೀ ಮಾಡಿದ ಜನ ಎಲ್ಲಾ ಇದರಾಗ ಅದಾರ, ತಗೊಂಡು ಹೋಗು” ಎಂದೆ.

“ನನಗ್ಯಾಕ ಬೇಕ್ರಿ? ಇಲ್ಲೇ ಇರ್ಲಿ ಬಿಡ್ರಿ” ಎಂದು ಊಟದ ಡಬ್ಬಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದಳು.

ಆ ವಿದ್ಯೆಗಾಗಿ ನಾನು ಏನನ್ನು ಬೇಕಾದರೂ ಕೊಡಲು ತಯಾರಿದ್ದೆ. ಆಕೆ ಅದನ್ನು ಬಿಟ್ಟುಹೋಗುವಾಗ ತಿರುಗಿಯೂ ನೋಡಲಿಲ್ಲ. ಹಲ್ಲು ಕಡಿದುಕೊಂಡು ಮೆಟ್ಟಿಲ ತನಕ ಕಳಿಸಿಬಂದೆ. ಆಮೇಲೆ ಬೆಂಗಳೂರಿಗೆ ನಾನೇ ಮಾಡಿದ ಇಬ್ಬರನ್ನು ಕಳಿಸಿದೆ. ಥ್ಯಾಂಕ್ಸ್ ಎಂದು ಒಂದು ಸಾಲು ಬಂತು. ಮತ್ತೆ ಪತ್ರ ಬರಲಿಲ್ಲ.

ಎರಡು ವರ್ಷವಾಯಿತು. ಕಳೆದ ತಿಂಗಳು ನನ್ನ ಹೆಂಡತಿಯ ತವರಿನ ಹೊಲದ ಕೆಲಸಕ್ಕೆ ವಂಶವೃಕ್ಷದ ಪ್ರಮಾಣಪತ್ರ ಬೇಕಾಗಿ ಆಕೆ ಅಧಿಕಾರಿಯಾಗಿರುವ ಹಳ್ಳಿಗೇ ಹೋಗಬೇಕಾಯಿತು. ಸಣ್ಣ ಕೋಣೆ, ಹೊರಗೆ ಜನರ ಸಾಲು. ಆಕೆ ನನ್ನನ್ನು ನೋಡಿ ಎದ್ದು ನಿಂತು, “ಬರ್ರಿ ಸರ್, ಕುಂದರ್ರಿ” ಎಂದಳು. ಆದರೆ ಸಾಲು ತಪ್ಪಿಸಲಿಲ್ಲ. ನನ್ನ ಸರದಿ ಬಂದಾಗ ಕಾಗದ ನೋಡಿ, ಮಾವನವರ ಮರಣಪತ್ರದ ಜೆರಾಕ್ಸ್ ಇಲ್ಲ ಎಂದು ವಾಪಸು ಕಳಿಸಿದಳು. ಬಿಸಿಲಲ್ಲಿ ಹೋಗಿ ಮಾಡಿಸಿಕೊಂಡು ಬಂದೆ. ಆ ಹೊತ್ತಿಗೆ ಜನ ಕರಗಿದ್ದರು. ಆಕೆ ಸಹಿ ಹಾಕುವುದನ್ನು ನೋಡುತ್ತ, ಈ ಮಾತನ್ನು ಇವತ್ತು ಹೇಳದಿದ್ದರೆ ಸಾಯುವ ತನಕ ಹೇಳುವುದಿಲ್ಲ ಎನ್ನಿಸಿತು.

“ನಿನಗ ಒಂದು ಮೋಸ ಮಾಡೀನವ್ವಾ” ಎಂದೆ.

ಆಕೆ ಪೆನ್ನಿನ ಟೋಪಿ ಹಾಕಿದಳು. “ಬೆಂಗಳೂರಿನವರ ವಿಷಯಾನ್ರಿ?”

“ನಿನಗ ಹೆಂಗ ಗೊತ್ತು?”

“ಅವ್ರು ಮೊದ್ಲು ಫೋನ್ ಮಾಡಿದ್ದು ನನಗಾ ಸರ್. ಸಾಹೇಬ್ರು ನನ್ನ ನಂಬರ ಕೊಟ್ಟಿದ್ರಂತ. ನಾನಲ್ರಿ, ಜನಾನ್ನ ಮಾಡೋದು ನಮ್ಮ ಸರ್ ಅಂತ ಹೇಳಿ ನಿಮ್ಮ ನಂಬರ ಕೊಟ್ಟೆ.”

“ಯಾಕ?”

“ನನಗ ಪರೀಕ್ಷಿ ಹತ್ರ ಬಂದಿತ್ತಲ್ರಿ. ಆ ಹೆಸರು ತಗೊಂಡು ನಾ ಏನ್ ಮಾಡ್ಲಿ? ನಿಮಗ ಭಾಳ ಬೇಕಾಗಿತ್ತು.” ಕಾಗದವನ್ನು ನನ್ನ ಕಡೆ ಸರಿಸಿ ನಕ್ಕಳು. “ಹಡಗಲಿ ಶಾಲಿ, ಕೊಟ್ಟೂರು ಕಲ್ಯಾಣ ಮಂಟಪ ಅಂತ ಎಷ್ಟು ಒದ್ದಾಡ್ತಿದ್ರಿ ಸರ್ ನೀವು. ಹೇಳಬೇಕು ಅನ್ನಿಸ್ತಿತ್ತು. ಆಮೇಲೆ ನಿಮಗ ಬ್ಯಾಸರಾದೀತು ಅಂತ ಸುಮ್ನಿದ್ದೆ.”

ಚಹಾ ತರಿಸಿದಳು. ಕುಡಿದೆ. ಹೆಂಡತಿ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು, ಹೇಳಿದೆ. ಕ್ಷಮೆ ಕೇಳಬೇಕೆಂದು ಮಾತು ತೆಗೆದವನು ಏನನ್ನು ಕ್ಷಮಿಸು ಎಂದು ಕೇಳಲಿ ಎಂದು ತಿಳಿಯದೆ, ವಂಶವೃಕ್ಷ ಮಡಚಿ ಜೇಬಿಗಿಟ್ಟುಕೊಂಡು ಹೊರಬಿದ್ದೆ. ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಕೆಯ ಹಾಗೆ ಒಬ್ಬ ಮನುಷ್ಯನನ್ನೂ ಮಾಡಲಾರದ ನಾನು, ಆ ಕಳ್ಳತನವಾದರೂ ನನ್ನ ಸ್ವಂತ ಕೆಲಸ ಎಂದು ಇಷ್ಟು ದಿನ ನಂಬಿದ್ದೆ. ಅದನ್ನೂ ಆಕೆಯೇ ಮಾಡಿಕೊಟ್ಟಿದ್ದಳು.